ಬಾವಿಗೆ ಬಿಟ್ಟ ಮೀನು

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾಕು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನ ಹಿಂದೆ ಅದು ಉಸಿರು ತೆಗೆದುಕೊಂಡಿತು. ಗುಳುಕ್. ಶಿವಯ್ಯ ಗಕ್ಕನೆ ತಿರುಗಿದ. ಸೋಡ ಮಾರುವವನು ಬಾಟಲಿಯ ಗೋಲಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದ್ದ, ಅಷ್ಟೆ. ಬೇಕಾ ಎನ್ನುವಂತೆ ಅವನು ಹುಬ್ಬು ಹಾರಿಸಿದ. ಬೇಡವೆಂದು ತಲೆಯಾಡಿಸಿ ಮುಂದೆ ನಡೆದರೂ ಕಿವಿ ಅಲ್ಲೇ ಉಳಿದುಕೊಂಡಿತ್ತು. ಊರಾಚೆಯ ಹುಲ್ಲಿನ ಕಾವಲಿಗೆ ಬೆಂಕಿ ಬಿದ್ದ ದಿನದಿಂದ ಅವನಿಗೆ ಹೀಗೇ ಆಗುತ್ತಿತ್ತು. ಬಸ್ಸಿನ ಎಂಜಿನ್ನಿಗೆ ನೀರು ಹುಯ್ಯುವಾಗ, ಯಾರೋ ಚೊಂಬೆತ್ತಿ ಕುಡಿಯುವಾಗ, ಕೆಲವು ಸಲ ಏನೂ ಇಲ್ಲದೆ ಸುಮ್ಮನೆ ಗೋಡೆಗೊರಗಿ ಕೂತಾಗಲೂ ಆ ಸದ್ದು ಬಂದುಬಿಡುತ್ತಿತ್ತು. ಬೇರೆ ಮೀನುಗಳು ನೀರಿನೊಳಗೇ ಉಸಿರಾಡಿಕೊಂಡು ಬದುಕುತ್ತವೆ. ಪುಟ್ಟರಾಜು ಗೌಡರ ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಎರಡು ಮೀನುಗಳು ಹಾಗಲ್ಲ. ಆಗಾಗ ಮೇಲೆ ಬಂದು, ದಪ್ಪ ತುಟಿಯನ್ನು ನೀರಿನಿಂದಾಚೆ ಚಾಚಿ, ಒಂದು ಗುಟುಕು ಗಾಳಿ ನುಂಗಿ ಇಳಿಯಬೇಕು. ಗೊರಾಮಿ ಎಂದು ಅವುಗಳ ಹೆಸರು. ಒಂದೊಂದೂ ಆರು ತಿಂಗಳ ಮಗುವಿನ ತೂಕ. ಈಗ ಅವು ಗೌಡರ ಮನೆಯ ಬಾವಿಯಲ್ಲಿದ್ದವು. ಬಿಟ್ಟವನು ಅವನೇ. ಆ ಬಾವಿಗೆ ಸುರಿಯುವ ಬ್ಲೀಚಿಂಗ್ ಪೌಡರು ತರಲು ಇವತ್ತು ಹಾಸನಕ್ಕೆ ಕಳಿಸಿದ್ದೂ ಅವನನ್ನೇ.

ಬೆಳಿಗ್ಗೆ ಪುಟ್ಟರಾಜುವಿನ ಅಪ್ಪ, ದೊಡ್ಡ ಗೌಡರಾದ ತಿಮ್ಮಪ್ಪ, ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಹೇಳಿದ್ದರು. "ಎಂಗೂ ನಿಮ್ಮವ್ವನ್ನ ನೋಡಕ್ಕೆ ಆಸ್ಪತ್ರೆಗೆ ಓಯ್ತೀಯಲ್ಲ, ಬತ್ತಾ ಪೌಡ್ರು ತಂದ್ಬುಡು. ಬಾವಿಗೆ ಬೂದಿ ಬಿದ್ದೈತೆ."

"ಬಾವೀಲಿ ಮೀನವೆಯಲ್ಲ ಬುದ್ಧಿ."

"ಬೂದಿ ಬಿದ್ದೈತೆ ಅಂದ್ನಲ್ಲ."

ಬೂದಿ ಬಿದ್ದಿತ್ತು, ಸುಳ್ಳಲ್ಲ. ಊರಿನ ಎಲ್ಲ ಬಾವಿಗೂ ಬಿದ್ದಿತ್ತು. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸಿಕೊಂಡು ಎಲ್ಲರೂ ಕುಡಿಯುತ್ತಿದ್ದರು. ಆದರೆ ಬೆಂಕಿ ಆರಿದ ಮೇಲೆ ಅರಕಲಗೂಡಿನಿಂದ ವಾಪಸು ಬಂದ ಪುಟ್ಟರಾಜುವಿನ ಹೆಂಡತಿ ನಂಜಮ್ಮ ಬಾವಿಯ ಹಗ್ಗ ಒದ್ದೆಯಾಗಿರುವುದನ್ನು ನೋಡಿದವಳು, ಕಟ್ಟೆಯ ಮೇಲೆ ಒಣಗಿದ ಕೆಸರಿನ ಹೆಜ್ಜೆ ನೋಡಿದವಳು, ಅವತ್ತಿನಿಂದ ಪಕ್ಕದ ಮನೆಯ ನೀರಿನಲ್ಲಿ ಅಡುಗೆ ಮಾಡುತ್ತಿದ್ದಳು. ಯಾರು ಸೇದಿದ್ದು ಎಂದು ಯಾರೂ ಅವನನ್ನು ಕೇಳಲಿಲ್ಲ. ಕೇಳಿದ್ದರೆ ಅವನಲ್ಲಿ ಉತ್ತರವಿತ್ತು. ಹಲ್ಲು ಕಚ್ಚಿಕೊಂಡು ಕಾದಿಟ್ಟ ಉತ್ತರ. ಮೈಲಿಗೆ ಅಂದರೆ ಜೈಲು ಎನ್ನುವ ಹೊಸ ಕಾನೂನು ಬಂದ ಮೇಲೆ ಜನ ಬೈಯುವುದನ್ನು ಬಿಟ್ಟು ಬೂದಿಯ ಮಾತಾಡುವುದನ್ನು ಕಲಿತಿದ್ದರು. ಬೈದರೆ ತಿರುಗಿ ಬೈಯಬಹುದು, ಬೂದಿಗೆ ಏನೆಂದು ಬೈಯುವುದು?

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ ಜವಾನ ಪಾಲಾಕ್ಷ ಸಿಕ್ಕಿದ. "ಬಂದ್ಯಾ ರಾಜ? ನಿಮ್ಮವ್ವಂದು ಬಾಯೋ ರೇಡಿಯೋನೋ? ವಾರ್ಡೆಲ್ಲ ಅವ್ಳದೇ ಸ್ಟೇಷನ್ನು. ನರ್ಸಮ್ಮಂಗೆ ಹೆರಿಗೆ ಮಾಡ್ಸೋದು ಎಂಗೆ ಅಂತ ಪಾಠ ಹೇಳ್ತಾವ್ಳೆ." ಶಿವಯ್ಯನಿಗೆ ನಗು ಬರಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ತಾಯಿ ಬೆಟ್ಟಮ್ಮ ಗೋಡೆಗೊರಗಿ ಕೂತಿದ್ದಳು. ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿದ ಎರಡು ಕೈಗಳನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದಳು, ಬೇರೆ ಯಾರದೋ ಕೂಸುಗಳನ್ನು ನೋಡಿಕೊಳ್ಳಲು ಕೊಟ್ಟು ಹೋದ ಹಾಗೆ.

"ಕರ ಎಂಗೈತ್ಲಾ?" ಎಂದಳು ಮೊದಲು.

"ಚೆನ್ನಾಗೈತೆ. ಅಕ್ಕ ನೋಡ್ಕತಾವ್ಳೆ."

"ಅದ್ಕೆ ಗಂಜಿ ಕುಡಿಸ್ವಾಗ ಬೆಳ್ಳು ಚೀಪಕ್ಕೆ ಕೊಡ್ಬೇಕು ಅಂತ ಏಳು. ಇಲ್ದಿದ್ರೆ ಮೂತಿ ತಿರುಗಿಸ್ತದೆ. ಅದ್ಯಾಕ್ಲಾ ಮಖ ಅಂಗ್ ಮಾಡ್ಕಂಡಿದೀಯ? ಕೈ ತಾನೆ ಸುಟ್ಟಿದ್ದು. ಈ ಮುದುಕಿ ಕೈಯಾಗೆ ಇನ್ನೇನು ಬಳೆ ತೊಡಾದಿತ್ತಾ?"

ಕರು ಕಟ್ಟಿದ್ದ ಹಗ್ಗದ ಗಂಟು ಬಿಚ್ಚಲು ಬೆಟ್ಟಮ್ಮ ಉರಿಯುವ ಸೂರಿನ ಕೆಳಗೆ ನುಗ್ಗಿದ್ದಳಂತೆ. ಗಂಟು ಬಿಚ್ಚಿಕೊಂಡಿತು, ಕರು ಓಡಿತು, ಸೂರು ಕೈಗಳ ಮೇಲೆ ಬಿತ್ತು. ಇದನ್ನೆಲ್ಲ ಅವನು ಆಮೇಲೆ ಕೇಳಿ ತಿಳಿದುಕೊಂಡಿದ್ದ. ಅವನು ಅಲ್ಲಿರಲಿಲ್ಲ. ಪಕ್ಕದ ಮಂಚದ ಹೆಂಗಸಿಗೆ ಏರಿಸಿದ್ದ ಗ್ಲೂಕೋಸ್ ಬಾಟಲಿಯಲ್ಲಿ ಒಂದು ಗುಳ್ಳೆ ತಳದಿಂದ ಎದ್ದು ಮೇಲಕ್ಕೆ ಹೋಗಿ ಒಡೆಯಿತು. ಅವನು ಕಣ್ಣು ಬೇರೆ ಕಡೆ ತಿರುಗಿಸಿದ.

"ನಿನ್ ಮೀನೆಂಗವೆ?" ಎಂದಳು ತಾಯಿ. "ಒಂದ್ ದಿನಾನೂ ನೋಡ್ನಿಲ್ಲ ನೋಡು ನಾನು. ಎಷ್ಟ್ ದಪ್ಪ ಅವೆ?"

ಅಳತೆ ತೋರಿಸಲು ಎತ್ತಿದ ಕೈಗಳನ್ನು ಅವನು ಅರ್ಧಕ್ಕೇ ಇಳಿಸಿದ. "ದಪ್ಪಗವೆ."

"ಮೀನು ನೀರ್ ಕುಡೀತಾವೇನ್ಲಾ? ಸುಮ್ನೆ ಕೇಳ್ದೆ. ಅಷ್ಟ್ ನೀರಾಗೆ ಇರ್ತಾವಲ್ಲ, ಅವುಕ್ಕೂ ಬಾಯಾರ್ತದಾ ಅಂತ. ವಸಿ ನೀರ್ ಕೊಡು ನಂಗೂ."

ಸ್ಟೂಲಿನ ಮೇಲಿದ್ದ ಲೋಟವನ್ನು ತೆಗೆದುಕೊಂಡು ಅವನು ಹತ್ತಿರ ಬಗ್ಗಿದ. ಬೆಟ್ಟಮ್ಮ ದಿಂಬಿನಿಂದ ಎರಡೂ ಕೈಗಳನ್ನು ಕಷ್ಟಪಟ್ಟು ಎತ್ತಿ, ಬಟ್ಟೆ ಸುತ್ತಿದ ಆ ಎರಡು ಉಂಡೆಗಳನ್ನು ಗಲ್ಲದ ಕೆಳಗೆ ಜೋಡಿಸಿ, ತಲೆ ತಗ್ಗಿಸಿ, ಬಾಯಿ ತೆರೆದು ಕಾಯುತ್ತ ಕೂತಳು. ಲೋಟ ಅವಳ ತುಟಿಯ ಹತ್ತಿರವೇ ಇತ್ತು. ಅವಳು ನೋಡಲಿಲ್ಲ. ನೀರು ಮೇಲಿನಿಂದ ಬೀಳುವುದೆಂದು, ಬೀಳುವ ತನಕ ತಲೆ ಎತ್ತಬಾರದೆಂದು ಬಗ್ಗಿಕೊಂಡೇ ಇದ್ದಳು. ಅವನು ಲೋಟವನ್ನು ಇನ್ನಷ್ಟು ಕೆಳಕ್ಕೆ ಹಿಡಿದ.

"ಬಾಯಿಟ್ಟು ಕುಡಿಯವ್ವ."

"ಆ?"

"ಲೋಟಕ್ಕೆ ಬಾಯಿಡು. ನಾನು, ಶಿವ."

ಅವಳು ತಲೆಯೆತ್ತಿ, ಲೋಟ ನೋಡಿ, ಮಗನನ್ನು ನೋಡಿ, ನಾಚಿ ನಕ್ಕಳು. "ಅಬ್ಯಾಸ ಕಣ್ಲಾ." ಕುಡಿದು, ತುಟಿ ಒರೆಸಿಕೊಳ್ಳಲು ಕೈ ಎತ್ತಿ, ಆಗದೆ, ಭುಜಕ್ಕೆ ಬಾಯಿ ಉಜ್ಜಿಕೊಂಡಳು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ಪಾಪ, ನಿಮ್ಮಕ್ಕ ನೀರಿಗೆ ಓಗಿದ್ಲು ಕಣ ಅವತ್ತು. ಸೂರು ನೆನೆಸಾಣ ಅಂತ. ಬರಿ ಕೊಡ ತಂದ್ಲು. ಗೌಡ್ರ ಮನೇಲಿ ಯಾರೂ ಇರ್ನಿಲ್ವಂತೆ," ಎಂದಳು.

ಯಾರೂ ಇರಲಿಲ್ಲ. ಲೋಟವನ್ನು ಸ್ಟೂಲಿನ ಮೇಲೆ ಇಡಲು ಹೋದವನಿಗೆ ಸ್ಟೂಲು ಎಲ್ಲಿದೆಯೆಂದು ಒಂದು ಕ್ಷಣ ತಿಳಿಯಲಿಲ್ಲ. ಅವನಿದ್ದ. ಬಾವಿಕಟ್ಟೆಯ ಮೇಲೆ ಕಾಲೂರಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಅಕ್ಕ ಹೊನ್ನಕ್ಕ ಅವನನ್ನು ನೋಡಿದ್ದಳು, ಅವನ ಜೊತೆ ಮಾತಾಡಿದ್ದಳು. ಆದರೂ ಅವಳು ತಾಯಿಗೆ ಹೇಳಿದ್ದು, ಯಾರೂ ಇರಲಿಲ್ಲ ಎಂದು.

ಅವತ್ತು ಮಧ್ಯಾಹ್ನ ಕಾವಲಿನ ಕಡೆಯಿಂದ ಮೊದಲು ಸುಟ್ಟ ಹುಲ್ಲಿನ ವಾಸನೆ ಬಂತು, ಆಮೇಲೆ ಹೊಗೆ, ಆಮೇಲೆ ದಿಕ್ಕುಗೆಟ್ಟ ಮೊಲಗಳು. ಶಿವರಾತ್ರಿ ಕಳೆದು ಒಣಗಿ ನಿಂತಿದ್ದ ಸೊಂಟದೆತ್ತರದ ಹುಲ್ಲು ಗಾಳಿಯ ಜೊತೆ ಸೇರಿಕೊಂಡು ಉರಿಯುತ್ತ ಊರ ಕಡೆಗೇ ಬರುತ್ತಿತ್ತು. ಗಂಡಸರೆಲ್ಲ ಹೊಂಗೆಯ ಹಸಿ ಕೊಂಬೆ ಮುರಿದುಕೊಂಡು ಬೆಂಕಿ ಬಡಿಯಲು ಓಡಿದರು. ಪುಟ್ಟರಾಜು ಹೆಂಡತಿಯನ್ನೂ ಅಪ್ಪನನ್ನೂ ಕಬ್ಬಿಣದ ಪೆಟ್ಟಿಗೆಯನ್ನೂ ಜೀಪಿಗೆ ಹತ್ತಿಸಿಕೊಂಡು ಅರಕಲಗೂಡಿನ ನೆಂಟರ ಮನೆಗೆ ಹೊರಟವನು, ಜೀಪಿನಿಂದ ತಲೆ ಹೊರಗೆ ಹಾಕಿ ಕೂಗಿದ. "ಲೇ ಶಿವ್ಯಾ, ಮೀನು ನಿನ್ ಜವಾಬ್ದಾರಿ ಕಣೋ. ಅವುಕ್ಕೇನಾರ ಆಗ್ಬೇಕು, ಆಮೇಲೆ ಈ ಬಾಗ್ಲಿಗೆ ಬರ್ಬ್ಯಾಡ!" ಜವಾಬ್ದಾರಿ. ಆ ಮಾತು ಕೇಳಿ ತನ್ನ ಎದೆ ಉಬ್ಬಿದ್ದು ನೆನಪಾದರೆ ಈಗ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತಿತ್ತು. ಮುಟ್ಟದೆ ಹೊಡೆಯಬೇಕೆಂದು ದೂರದಿಂದ ಬೆತ್ತ ಎಸೆಯುತ್ತಿದ್ದ ಮೇಷ್ಟರ ಮುಖಕ್ಕೆ ಅದೇ ಬೆತ್ತವನ್ನು ವಾಪಸು ಎಸೆದು, ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅವನು. ಕೇರಿಯಲ್ಲಿ ಈಗಲೂ ಆ ಕತೆ ಹೇಳಿಕೊಂಡು ನಗುತ್ತಾರೆ. ಬೆತ್ತ ಎಸೆದ ಕೈ ಮೀನಿನ ಜವಾಬ್ದಾರಿಗೆ ಹಿಗ್ಗಿತ್ತು.

ಸಕಲೇಶಪುರದ ಕಡೆ ತೋಟ ಮಾರಿ ಊರಿಗೆ ಹೊರಟ ಬಿಳಿಯ ದೊರೆಯೊಬ್ಬನ ಬಂಗಲೆಯ ಹರಾಜಿನಲ್ಲಿ ಪುಟ್ಟರಾಜು ಆ ತೊಟ್ಟಿಯನ್ನು ಮೀನಿನ ಸಮೇತ ಕೂಗಿ ತಂದಿದ್ದ. ಕಬ್ಬಿಣದ ಚೌಕಟ್ಟು, ನಾಕೂ ಕಡೆ ಗಾಜು. ಅದನ್ನು ಜಗುಲಿಯ ತುದಿಯಲ್ಲಿ ಇಡಿಸಿದ್ದು ಶಿವಯ್ಯ ಹೊಸಿಲು ದಾಟದೆ, ಅಂಗಳದ ಕಡೆಯಿಂದಲೇ ನೋಡಿಕೊಳ್ಳಲಿ ಎಂದು. ನಂಜಮ್ಮ ಬಾವಿಯಿಂದ ಸೇದಿ ಎತ್ತರದಿಂದ ಅವನ ಬಕೆಟ್ಟಿಗೆ ಹುಯ್ಯುತ್ತಿದ್ದಳು. ಬಕೆಟ್ಟಿಗೆ ಬೀಳುವ ತನಕ ಅದು ಗೌಡರ ನೀರು, ಬಿದ್ದ ಮೇಲೆ ಮೀನಿನ ನೀರು. ಅವತ್ತು ಹೊಗೆ ಜಗುಲಿ ತುಂಬಿತು. ಮೀನುಗಳು ಮೇಲೆ ಬಂದು ಬಾಯಿ ಚಾಚಿ ಗಾಳಿಯೆಂದು ಹೊಗೆ ನುಂಗಿ, ಬೆಂಕಿ ತಾಗಿದವರ ಹಾಗೆ ಹೊರಳಿ ತಳಕ್ಕೆ ಅಪ್ಪಳಿಸಿದವು. ಮತ್ತೆ ಉಸಿರು ಬೇಕು, ಮತ್ತೆ ಮೇಲೆ ಬರಬೇಕು, ಮತ್ತೆ ಹೊಗೆ. ಅವನು ಗೋಣಿಚೀಲ ನೆನೆಸಿ ತೊಟ್ಟಿಯ ಬಾಯಿಗೆ ಹೊದಿಸಿದ. ಬಿಸಿಗೆ ಗೋಣಿ ಒಣಗಿತು. ಬಕೆಟ್ಟು ಖಾಲಿಯಾಗಿತ್ತು. ಸೇದಿ ಹುಯ್ಯುವ ನಂಜಮ್ಮ ಇರಲಿಲ್ಲ. ಕಾಲು ಬಾವಿಕಟ್ಟೆ ಹತ್ತಿದ್ದು ಕಾಲಿಗೂ ಗೊತ್ತಾಗಲಿಲ್ಲ. ರಾಟೆ ಕಿರುಗುಟ್ಟಿತು, ಕೊಡ ತುಂಬಿ ಭಾರವಾಯಿತು, ಕೈ ಎಳೆಯಿತು. ಹುಟ್ಟಿದಾಗಿನಿಂದ ದೂರದಿಂದ ನೋಡಿದ್ದ ಕೆಲಸವನ್ನು ಕೈ ಎಷ್ಟೊಂದು ಸಲೀಸಾಗಿ ಮಾಡಿತೆಂದರೆ, ಅದರಲ್ಲಿ ಏನೋ ಆಯಿತೆಂದು ಅವನಿಗೆ ಅನ್ನಿಸಲೇ ಇಲ್ಲ.

ಹಿತ್ತಲಿನ ಹುಲ್ಲಿನ ಮೆದೆಗೆ ಬೆಂಕಿ ತಗುಲಿದಾಗ ಜಗುಲಿ ಒಲೆಯ ಹಾಗೆ ಕಾಯಿತು. ಕಾದ ಗಾಜಿಗೆ ಅವನೇ ತಣ್ಣೀರು ಎರಚಿದ. ಟಣ್ ಎಂದು ಗಾಜು ಅಡ್ಡಡ್ಡ ಸೀಳಿತು. ನೀರು ಜಗುಲಿಯ ಮೇಲೆ ಹರಿದುಹೋಗುತ್ತಿರುವಾಗ ಒಂದು ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಎದೆಗವುಚಿಕೊಂಡು ಬಾವಿಗೆ ಓಡಿದ. ಗೋಣಿಯೊಳಗೆ ಅದರ ಕಿವಿರು ಅವನ ಎದೆಗೆ ತಾಗಿ ತೆರೆದು ಮುಚ್ಚುತ್ತಿತ್ತು. ಗೋಣಿಯನ್ನು ಹಗ್ಗಕ್ಕೆ ಸಿಕ್ಕಿಸಿ ಇಳಿಬಿಟ್ಟ. ಎರಡನೆಯದನ್ನು ಇಳಿಸುತ್ತಿರುವಾಗ ಹೊನ್ನಕ್ಕ ಬಂದಳು. ಹಿಂದೆ ಕೇರಿಯ ಇನ್ನಷ್ಟು ಹೆಂಗಸರು, ಸೊಂಟದಲ್ಲಿ ಖಾಲಿ ಕೊಡಗಳು. ಕೇರಿಯ ಸಣ್ಣ ಕೆರೆ ನೀರು ಬತ್ತಿ ಬಿರುಕು ಬಿಟ್ಟಿತ್ತು.

"ಲೋ ಶಿವ, ಸೂರಿನ್ ಮ್ಯಾಲೆ ಕಿಡಿ ಬೀಳ್ತಾ ಅವೆ ಕಣೋ! ನೀರು!"

ಹಗ್ಗ ಹಿಡಿದುಕೊಂಡೇ, ತಿರುಗಿಯೂ ನೋಡದೆ, ಅವನ ಬಾಯಿ ಹೇಳಿತು. "ಯಾರಾರ ಬರ್ಲಿ, ನಿಂತ್ಕೊ ಅಕ್ಕ."

ಅವರು ನಿಂತರು. ದಿನಾ ನಿಲ್ಲುವ ಜಾಗದಲ್ಲಿ, ಕಟ್ಟೆಯ ಕೆಳಗೆ, ಕೊಡ ಇಟ್ಟು ಇಟ್ಟು ಕುಳಿ ಬಿದ್ದ ಚಪ್ಪಡಿಯ ಪಕ್ಕದಲ್ಲಿ. ಮೀನು ನೀರು ಮುಟ್ಟಿತು. ಹಗ್ಗ ಹಗುರಾಗಿ ಮೇಲೆ ಬಂತು. ಹಗ್ಗ ಮೇಲೆ ಬಂದ ಮೇಲೂ ಅವನು ನಿಂತಿದ್ದ, ಅವರೂ ನಿಂತಿದ್ದರು. ಸೇದಿ ಹುಯ್ಯುವವರು ಬರಲೆಂದು ಎಲ್ಲರೂ ದಾರಿ ನೋಡುತ್ತಿದ್ದರು. ಕೇರಿಯ ಕಡೆಯಿಂದ ಕೂಗು ಎದ್ದಾಗ ಹೆಂಗಸರು ಖಾಲಿ ಕೊಡ ಹೊತ್ತು ಓಡಿದರು. ಬಾವಿಯೊಳಗೆ ಮೊದಲ ಮೀನು ಮೇಲೆ ಬಂದು ಉಸಿರು ತೆಗೆದುಕೊಂಡಿತು. ಗುಳುಕ್.

ಆಸ್ಪತ್ರೆಯಿಂದ ಶಿವಯ್ಯ ಪೌಡರು ಮಾರುವ ಗುಂಡಯ್ಯನ ಅಂಗಡಿಗೆ ಬಂದ. ಅಲ್ಲಿ ಗೋಡೆಯಲ್ಲಿ ಹಾರ ಹಾಕಿದ ನೆಹರೂ ಪಟದ ಕೆಳಗೆ ಬಣ್ಣದ ಡಬ್ಬಗಳು, ಸುಣ್ಣದ ಚೀಲಗಳು. ಗುಂಡಯ್ಯ ಮೂಗಿಗೆ ಪಂಚೆಯ ತುದಿ ಹಿಡಿದು ಪೌಡರನ್ನು ಪೊಟ್ಟಣ ಕಟ್ಟುತ್ತಿದ್ದ. ಎಷ್ಟು ಹೊತ್ತು ತಡೆದರೂ ಶಿವಯ್ಯನಿಂದ ಕೇಳದಿರಲಾಗಲಿಲ್ಲ. "ಬಾವೀಲಿ ಮೀನಿದ್ರೆ ಸಾ?"

"ಮೀನೇನು, ಕಪ್ಪೆನೂ ಉಳಿಯಲ್ಲ. ಬೆಳಗಾಗೋದ್ರೊಳಗೆ ಹೊಟ್ಟೆ ಮೇಲಾಗಿ ತೇಲ್ತವೆ. ತೆಗ್ದು ಆಚೆಗಿಟ್ಟು ಹಾಕಪ್ಪ."

ಎಲ್ಲಿಗೆ ತೆಗೆದಿಡುವುದು? ತೊಟ್ಟಿ ಒಡೆದಿತ್ತು. ಬಸ್ಸಿನಲ್ಲಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅದರ ಘಾಟು ಹಬ್ಬಿ ಪಕ್ಕದಲ್ಲಿದ್ದ ಮುದುಕ ಮೂಗು ಮುರಿದು ಕಿಟಕಿಗೆ ಸರಿದ. "ಏನಪ್ಪ ಗಂಟು, ಮುನಿಸಿಪಾಲ್ಟಿನೇ ತತ್ತಿದ್ದೀಯೋ ಎಂಗೆ?" ಸುತ್ತಲಿನವರು ನಕ್ಕರು. ಶಿವಯ್ಯ ಹೊರಗೆ ನೋಡಿದ. ಕಾವಲು ಹತ್ತಿರವಾದಂತೆ ನೆಲ ಕಪ್ಪಾಗುತ್ತ ಹೋಯಿತು. ಸುಟ್ಟ ಹುಲ್ಲಿನ ಬುಡಗಳು ಬೋಳಿಸಿದ ತಲೆಯ ಕೂದಲಿನ ಹಾಗೆ ನಿಂತಿದ್ದವು. ಯಾರಾರ ಬರ್ಲಿ ಎಂಬ ಆ ಮಾತನ್ನು ಆಡಿದವನು ತಾನಲ್ಲ, ಬಾಯಿ ಆಡಿತು ಎಂದು ಎಷ್ಟು ಸಲ ಹೇಳಿಕೊಂಡಿದ್ದ. ಹಾಗಾದರೆ ನೀರು ಸೇದಿದ್ದು ಯಾರು? ಅದೂ ಕೈಯೇ. ಕೈ ಒಂದು ಕಡೆ, ಬಾಯಿ ಒಂದು ಕಡೆ, ಇವೆರಡರ ನಡುವೆ ಶಿವಯ್ಯ ಎಂಬುವನು ಎಲ್ಲಿ ನಿಂತಿದ್ದ? ತನ್ನವರ ಸೂರು ಉರಿಯುವಾಗ ಅವನು ಉಳಿಸಿದ್ದು ಎರಡು ಮೀನುಗಳನ್ನು. ಅವು ಬದುಕಿದ್ದರೆ, ಏನೋ ಒಂದು ಉಳಿಯಿತು, ಅದಕ್ಕೋಸ್ಕರ ಹಾಗಾಯಿತು ಎಂದು ಹೇಳಿಕೊಳ್ಳಬಹುದು. ಅವೂ ಸತ್ತರೆ ಆ ಮಾತೊಂದೇ ಉಳಿಯುತ್ತದೆ. ಪೊಟ್ಟಣವನ್ನು ಕಿಟಕಿಯಿಂದ ಎಸೆಯಬೇಕೆಂದು ಎತ್ತಿದ. ಎಸೆದರೆ ನಾಳೆ ಇನ್ನೊಬ್ಬನನ್ನು ಕಳಿಸಿ ತರಿಸುತ್ತಾರೆ. ಮತ್ತೆ ತೊಡೆಯ ಮೇಲಿಟ್ಟುಕೊಂಡ.

ಪುಟ್ಟರಾಜು ಜಗುಲಿಯ ತುದಿಯಲ್ಲಿ ಒಡೆದ ಗಾಜನ್ನು ಬೆರಳಿನಿಂದ ತಟ್ಟಿ ನೋಡುತ್ತ ನಿಂತಿದ್ದ.

"ಚಿಕ್ಕೆಜಮಾನ್ರೇ, ಪೌಡ್ರು ಹಾಕುದ್ರೆ ಮೀನು ಸಾಯ್ತಾವಂತೆ."

"ಸಾಯ್ಲಿ ಬಿಡೋ. ಗಾಜೇ ಹೋದ್ಮೇಲೆ ಮೀನಿಟ್ಕಂಡು ಏನ್ ಮಾಡ್ಲಿ, ಹೆಗಲ್ ಮೇಲೆ ಕೂರಿಸ್ಕಳ್ಲಾ?" ತನ್ನ ಮಾತಿಗೆ ತಾನೇ ನಕ್ಕು, ಆಮೇಲೆ ದನಿ ತಗ್ಗಿಸಿದ. "ನೋಡು ಶಿವ್ಯಾ, ನಾನು ಅಂಥದ್ದೆಲ್ಲ ನೋಡೋನಲ್ಲ, ನಿಂಗೇ ಗೊತ್ತು. ಮೈಸೂರಲ್ಲಿ ಹೋಟ್ಲಲ್ಲಿ ಯಾರ್ ಪಕ್ಕ ಬೇಕಾದ್ರೂ ಕೂತು ತಿಂದಿದೀನಿ. ಏನೋ ಅಪ್ಪನ ಸಮಾಧಾನ. ಸಂಜೆ ಒಳಗೆ ಹಾಕ್ಬುಡು. ಅಪ್ಪ ಬಂದು ನೋಡ್ತಾರೆ."

ಕೇರಿಯಲ್ಲಿ ಅರ್ಧ ಸುಟ್ಟ ಕಂಬಗಳ ಮೇಲೆ ತೆಂಗಿನ ಗರಿ ಹೊದಿಸಿ ಹೊನ್ನಕ್ಕ ಒಂದು ಮರೆ ಮಾಡಿಕೊಂಡಿದ್ದಳು. ಕರು ಅವಳ ಸೆರಗು ಚೀಪುತ್ತಿತ್ತು. ತಾಯಿ ಹೇಳಿದ್ದನ್ನು ಹೇಳಿದ. ಅವಳು ನಕ್ಕು ಬೆರಳನ್ನು ಕರುವಿನ ಬಾಯಿಗಿಟ್ಟಳು. ಅಷ್ಟಕ್ಕೆ ಎದ್ದು ಹೋಗಬಹುದಾಗಿತ್ತು. ಅವನು ಎದ್ದು ಹೋಗಲಿಲ್ಲ.

"ಅಕ್ಕ, ಅವತ್ತು ನೀವು ನೀರಿಗೆ ಬಂದಾಗ ನಾನು ಒಂದ್ ಮಾತಂದೆ."

"ಏನಂದೆ?"

"ಯಾರಾರ ಬರ್ಲಿ ಅಂದೆ."

ಅವಳು ಇನ್ನೂ ಏನಿದೆ ಎನ್ನುವಂತೆ ಕಾದಳು. ಏನೂ ಬರದಿದ್ದಾಗ, "ಊಂ. ಮತ್ತಿನ್ನೇನನ್ಬೇಕಿತ್ತು? ದಿನಾ ಅಂಗೇ ಅಲ್ವಾ ನಿಂತ್ಕಳಾದು?" ಎಂದಳು.

"ನಾನ್ ನೀರು ಎತ್ತುತಿದ್ದೆ ಕಣಕ್ಕ! ಕಟ್ಟೆ ಮೇಲೆ ನಿಂತ್ಕಂಡು ಈ ಕೈಯಾಗೆ ಎತ್ತುತಿದ್ದೆ! ಮೀನಿಗೆ ಎತ್ತಿದ್ದೆ, ನಿಂಗೆ ಎತ್ನಿಲ್ಲ!"

ಅವನ ಕೂಗಿಗೆ ಕರು ಬೆದರಿ ಹಿಂದೆ ಸರಿಯಿತು. ಹೊನ್ನಕ್ಕ ಅದರ ಬೆನ್ನು ಸವರಿದಳು. ತಮ್ಮನ ಮುಖವನ್ನು ಜ್ವರ ಬಂದವರನ್ನು ನೋಡುವ ಹಾಗೆ ನೋಡಿದಳು. "ಅಯ್ಯೋ, ಅದ್ಕೆ ಯಾಕಿಂಗೆ ಕೂಗ್ತೀಯ? ಮೀನು ಗೌಡ್ರದಲ್ವೇನ್ಲಾ. ಗೌಡ್ರ ಮೀನಿಗೆ ಗೌಡ್ರ ನೀರು. ನಮ್ಮನೆ ಸೂರು ಗೌಡ್ರದಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದ. ಅವಳು ಅವನನ್ನು ಸಮಾಧಾನ ಮಾಡುತ್ತಿದ್ದಳು. ತಾಯಿಗೆ ಅವಳು ಸುಳ್ಳು ಹೇಳಿರಲಿಲ್ಲ, ತಮ್ಮನನ್ನು ಉಳಿಸಲೆಂದು ಮುಚ್ಚಿಟ್ಟೂ ಇರಲಿಲ್ಲ. ಅವಳ ಪಾ‌ಲಿಗೆ ಅವತ್ತು ಬಾವಿಯ ಹತ್ತಿರ ನಿಜವಾಗಿಯೂ ಯಾರೂ ಇರಲಿಲ್ಲ.

"ಬಾ," ಎಂದು ಎದ್ದ.

"ಎಲ್ಲಿಗ್ಲಾ?"

"ಮೀನ್ ತೆಗೀಬೇಕು. ಪೌಡ್ರು ಹಾಕಾಕಿಂತ ಮುಂಚೆ. ಒದ್ದೆ ಗೋಣೀಲಿ ಸುತ್ತಿ ಹೇಮಾವತಿಗೆ ಒಯ್ದು ಬಿಟ್ಬುಡ್ತೀನಿ. ನಾನ್ ಕೆಳಕ್ಕಿಳೀತೀನಿ, ನೀನ್ ಹಗ್ಗ ಎಳಿ."

"ನಾನಾ?" ಎಂದಳಾದರೂ ಹಿಂದೆ ಬಂದಳು. ಆ ಮೀನುಗಳನ್ನು ನೋಡುವ ಆಸೆ ಅವಳಿಗೂ ಇತ್ತು.

ಇಳಿಬಿಸಿಲಿನಲ್ಲಿ ಬಾವಿಯ ಹತ್ತಿರ ಯಾರೂ ಇರಲಿಲ್ಲ. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಗೋಣಿಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ಹಗ್ಗದ ತುದಿಯನ್ನು ಕೆಳಕ್ಕೆ ಬಿಟ್ಟು, ಗೋಡೆಯಿಂದ ಚಾಚಿಕೊಂಡಿದ್ದ ಕಲ್ಲುಗಳ ಮೇಲೆ ಒಂದೊಂದೇ ಕಾಲಿಡುತ್ತ ಇಳಿದ. ಇಳಿಯುತ್ತ ಹೋದಂತೆ ಹೊರಗಿನ ಸುಟ್ಟ ವಾಸನೆ ಕಡಿಮೆಯಾಗಿ ಪಾಚಿಯ ತಣ್ಣನೆಯ ವಾಸನೆ ಬಂತು. ನೀರು ಎದೆಮಟ್ಟಕ್ಕಿತ್ತು. ಮೇಲ್ಗಡೆ ತೆಳ್ಳಗೆ ಬೂದಿಯ ಪೊರೆ. ಅವನು ಇಳಿದಾಗ ಅದು ಸೀಳಿ, ಮತ್ತೆ ಅವನ ಸುತ್ತ ಕೂಡಿಕೊಂಡಿತು. ಮುಟ್ಟಿದ್ದಕ್ಕೇ ಪೌಡರು ತರಿಸಿದ್ದರು, ಈಗ ಅವನು ಪೂರ್ತಿ ಅದರೊಳಗಿದ್ದ. ಹಾಗೆ ನೆನೆದು ಜೋರಾಗಿ ನಗಬೇಕೆನಿಸಿತು. ತೊಡೆಗೆ ಏನೋ ನುಣ್ಣಗೆ ಸವರಿಕೊಂಡು ಹೋಯಿತು. ಅವನು ಉಸಿರು ಹಿಡಿದು ನಿಂತ. ಅವು ಎಷ್ಟು ಹೊತ್ತು ಒಳಗಿರಬಲ್ಲವು? ಬರಲೇಬೇಕು. ಬಂತು. ಬೂದಿಯ ಕೆಳಗೆ ಕಪ್ಪು ನೆರಳೊಂದು ಎದ್ದು, ದಪ್ಪ ತುಟಿ ಚಾಚಿತು. ಗುಳುಕ್. ಆ ಕ್ಷಣಕ್ಕೇ ಗೋಣಿಯನ್ನು ಕೆಳಗಿನಿಂದ ಎತ್ತಿ ಬಾಚಿಕೊಂಡ. ಮೀನು ಒದ್ದಾಡಿ ಅವನ ಮುಖಕ್ಕೆ ನೀರು ಬಡಿಯಿತು. ಬಾಯೊಳಗೂ ಹೋಯಿತು. ಬೂದಿಯ ರುಚಿ, ಅದರಡಿಯಲ್ಲಿ ಸಿಹಿನೀರಿನ ರುಚಿ. ಗೋಣಿಯ ಬಾಯಿಯನ್ನು ಹಗ್ಗಕ್ಕೆ ಬಿಗಿದು ಕಟ್ಟಿ, ಎರಡೂ ತೋಳಿನಲ್ಲಿ ಎದೆಗೊತ್ತಿ ಹಿಡಿದು, ತಲೆಯೆತ್ತಿದ. ಮೇಲೆ ತಟ್ಟೆಯಷ್ಟಗಲ ಆಕಾಶ. ಅದರ ಅಂಚಿನಲ್ಲಿ ಯಾರ ತಲೆಯೂ ಇರಲಿಲ್ಲ.

"ಅಕ್ಕಾ, ಎಳಿ!"

ಹಗ್ಗ ಅಲುಗಲಿಲ್ಲ.

"ಅಕ್ಕಾ! ಕಟ್ಟೆ ಅತ್ತಿ ಹಗ್ಗ ಎಳಿ!"

ಆಮೇಲೆ ಅವಳ ದನಿ ಬಂತು. ಬಾವಿಯ ಬಾಯಿಂದಲ್ಲ, ಇನ್ನೂ ದೂರದಿಂದ, ಕುಳಿ ಬಿದ್ದ ಆ ಚಪ್ಪಡಿಯ ಹತ್ತಿರದಿಂದ. ಅಳುವ ಮಗುವನ್ನು ಸಂತೈಸುವ ಹಾಗೆ ಮೆತ್ತಗಿತ್ತು.

"ಯಾರಾರ ಬರ್ಲಿ, ಇರಪ್ಪ."

ಮಾತು ಕಲ್ಲಿನ ಗೋಡೆಗೆ ಸುತ್ತಿಕೊಂಡು ಕೆಳಗಿಳಿದು ಅವನ ಸುತ್ತ ನೀರಿನ ಮೇಲೆ ನಿಂತಿತು. ಅವನಿಗೆ ಕೋಪ ಬರಲಿಲ್ಲ. ಬರಲೆಂದು ಕಾದ, ಬರಲಿಲ್ಲ. ಗೋಣಿಯೊಳಗೆ ಕಿವಿರು ಅವನ ಎದೆಗೆ ತಾಗಿ ತೆರೆದು ಮುಚ್ಚುತ್ತಿತ್ತು, ಅವತ್ತಿನ ಹಾಗೆಯೇ. ಹೀಗೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದನೋ, ಮೇಲೆ ಎಲ್ಲೋ ಮೆಟ್ಟಿನ ಜೀರುಗುಟ್ಟುವ ಸದ್ದು ಕೇಳಿಸಿತು. ಊರುಗೋಲು ಕಲ್ಲಿಗೆ ತಾಗುವ ಸದ್ದು. ಅದು ಕಟ್ಟೆಯನ್ನು ಹತ್ತಿ, ಪೊಟ್ಟಣ ಇಟ್ಟ ಕಡೆಗೆ ಬಂದು ನಿಂತಿತು. ಹೊನ್ನಕ್ಕನ ದನಿ ಎಷ್ಟೋ ದಿನಗಳ ಮೇಲೆ ಹಗುರಾಗಿ ಕೇಳಿಸಿತು.

"ಬಂದ್ರು ಕಣಪ್ಪ. ದೊಡ್ಡಗೌಡ್ರೇ ಬಂದ್ರು."

ಪೊಟ್ಟಣದ ಕಾಗದ ಸರಸರ ಸದ್ದು ಮಾಡಿತು. ಶಿವಯ್ಯ ಕೂಗಲು ಬಾಯಿ ತೆರೆದ. ಪಕ್ಕದಲ್ಲೇ, ಬೂದಿಯ ಪೊರೆ ಒಡೆದುಕೊಂಡು, ಇನ್ನೊಂದು ಬಾಯಿ ಉಸಿರಿಗಾಗಿ ಮೇಲೆ ಬಂತು.